ಅಂಗಡಿಗೆ ವೆಬ್‌ಸೈಟ್ ಮಾಡಿಸ್ತಿದ್ದೀರಾ? ಬಾಕಿ ದುಡ್ಡು ಕೊಡೋ ಮೊದಲು ಈ 6 ಸೆಟ್ಟಿಂಗ್ ಕೇಳಿ

ಭದ್ರಾವತಿ: ಓಲ್ಡ್ ಟೌನ್‌ನಲ್ಲಿ ಒಂದು ಬಟ್ಟೆ ಅಂಗಡಿ ಅಂದುಕೊಳ್ಳಿ. ಪರಿಚಯದ ಇಂಜಿನಿಯರಿಂಗ್ ಹುಡುಗನೊಬ್ಬ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದಾನೆ. ಅಂಗಡಿಗೇ ಬಂದು ತನ್ನ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದ. ಸೀರೆ ಫೋಟೊ, ರೇಟು, ಆನ್‌ಲೈನ್ ಪೇಮೆಂಟ್ ಎಲ್ಲಾ ಚೆನ್ನಾಗಿ ಬಂತು. ಮಾಲೀಕರು ಖುಷಿಯಾಗಿ ಬಾಕಿ ದುಡ್ಡು ಕೊಟ್ಟು ಕಳಿಸಿದರು.

ವಾರ ಕಳೆಯೋದರೊಳಗೆ ದೂರು ಶುರು. ಚನ್ನಗಿರಿ ರಸ್ತೆಯ ಗಿರಾಕಿ ಫೋನ್‌ನಲ್ಲಿ ಪುಟ ಸುತ್ತುತ್ತಲೇ ಇದೆ. ಬೆಂಗಳೂರಿನ ನೆಂಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಿದರೆ ಬಿಳಿ ಪುಟ. ರೇಟು ಬದಲಿಸಿದರೂ ಹಳೇ ರೇಟೇ ಕಾಣಿಸ್ತಿದೆ. ಹುಡುಗನಿಗೆ ಫೋನ್ ಮಾಡಿದರೆ ಒಂದೇ ಉತ್ತರ: "ಅಣ್ಣಾ, ನನ್ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗೇ ಬರ್ತಿದೆಯಲ್ಲಾ!"

ಆ ಹುಡುಗ ಸುಳ್ಳು ಹೇಳ್ತಿಲ್ಲ. ಅವನ ಲ್ಯಾಪ್‌ಟಾಪ್‌ನಲ್ಲಿ ನಿಜಕ್ಕೂ ಸರಿಯಾಗೇ ಬರುತ್ತದೆ. ಕೋಡ್ ಅದೇ. ಆದರೆ ಅದನ್ನು ಗಿರಾಕಿಗೆ ತಲುಪಿಸುವ ಮೊದಲು ಮಾಡಬೇಕಾದ 'ಬಿಲ್ಡ್' ಅನ್ನೋ ಕೆಲಸದಲ್ಲಿ ಸೆಟ್ಟಿಂಗ್ ತಪ್ಪಿದೆ. ಇದರಲ್ಲಿ ಕೆಲವು ತಪ್ಪು ಬರೀ ಕಿರಿಕಿರಿ. ಕೆಲವು ಮಾತ್ರ ಅಂಗಡಿಯ ಹಣಕ್ಕೇ ಕೈ ಹಾಕುವಂಥವು. ಅಂಗಡಿಯವರು ಕೋಡ್ ಕಲಿಯಬೇಕಿಲ್ಲ. ಏನು ಕೇಳಬೇಕು ಅನ್ನೋದು ಗೊತ್ತಿದ್ದರೆ ಸಾಕು.

ಬಿಲ್ಡ್ ಅಂದ್ರೆ ಏನು?

ಭದ್ರಾ ನಾಲೆ ಭಾಗದವರಿಗೆ ಇದನ್ನು ಹೇಳೋದು ಸುಲಭ. ಗದ್ದೆಯಿಂದ ಬಂದ ಭತ್ತವನ್ನು ಯಾರೂ ಹಾಗೇ ಗಿರಾಕಿಗೆ ಅಳೆದು ಕೊಡಲ್ಲ. ಮಿಲ್ಲಿಗೆ ಹಾಕಿ, ಹೊಟ್ಟು ತೆಗೆದು, ಅಕ್ಕಿ ಮಾಡಿ ಕೊಡ್ತಾರೆ. ವೆಬ್‌ಸೈಟ್ ಕೋಡ್ ಕೂಡ ಹಾಗೇ. ಬರೆಯುವವರ ಅನುಕೂಲಕ್ಕೆ ಅದರಲ್ಲಿ ಟಿಪ್ಪಣಿ, ತಪ್ಪು ಹುಡುಕುವ ಸಲಕರಣೆ, ನೂರಾರು ಸಣ್ಣ ಕಡತಗಳು ಇರುತ್ತವೆ. ಗಿರಾಕಿಗೆ ಅವು ಯಾವುದೂ ಬೇಡ. ಅದನ್ನೆಲ್ಲ ತೆಗೆದು, ಒಟ್ಟುಗೂಡಿಸಿ, ಸಣ್ಣದು ಮಾಡಿ ಸರ್ವರ್‌ಗೆ ಹಾಕಲು ಸಿದ್ಧ ಮಾಡುವುದೇ ಬಿಲ್ಡ್. ಮಿಲ್ಲಿನಲ್ಲಿ ಎಷ್ಟು ಪಾಲಿಶ್ ಮಾಡಬೇಕು ಅಂತ ಹೇಳಿದ ಹಾಗೆ, ಬಿಲ್ಡ್‌ಗೂ ಹೀಗೆ ಮಾಡು, ಹಾಗೆ ಮಾಡು ಅಂತ ಒಂದು ಸೆಟ್ಟಿಂಗ್ ಕಡತ ಇರುತ್ತದೆ.

ಈಗಿನ ಹುಡುಗರು ಹೆಚ್ಚಾಗಿ ಬಳಸುವುದು ರಿಯಾಕ್ಟ್. ಅದರ ಜೊತೆ ಬಿಲ್ಡ್‌ಗೆ ನೆಕ್ಸ್ಟ್ ಜೆಎಸ್ ಅಥವಾ ವೀಟ್ ಇರುತ್ತದೆ. ಪಿಎಚ್‌ಪಿ ಗೊತ್ತಿರುವವರು ಲಾರಾವೆಲ್, ಪೈಥಾನ್ ಗೊತ್ತಿರುವವರು ಜಾಂಗೊ ಹಿಡಿಯುತ್ತಾರೆ. ಅಂದ ಹಾಗೆ, ಜಾಂಗೊ ಹುಟ್ಟಿದ್ದು ಅಮೆರಿಕದ ಕನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಸ್ಥಳೀಯ ಪತ್ರಿಕೆಯ ಕಚೇರಿಯಲ್ಲಿ. 2005ರಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಇಂಥ ಸಿದ್ಧ ಚೌಕಟ್ಟುಗಳನ್ನೇ ಫ್ರೇಮ್‌ವರ್ಕ್ ಅನ್ನೋದು. ಹೆಸರು ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

1. "ಇದು ಪ್ರೊಡಕ್ಷನ್ ಬಿಲ್ಡಾ? ಡಿಬಗ್ ಆಫ್ ಆಗಿದೆಯಾ?"

ಪ್ರತಿ ಫ್ರೇಮ್‌ವರ್ಕ್‌ಗೂ ಎರಡು ಅವತಾರ. ಒಂದು ಡೆವಲಪ್‌ಮೆಂಟ್, ಅಂದರೆ ಕೆಲಸ ಮಾಡುವಾಗ ಬಳಸೋದು. ಇನ್ನೊಂದು ಪ್ರೊಡಕ್ಷನ್, ಅಂದರೆ ಗಿರಾಕಿಗೆ ಕೊಡೋದು. ರಿಯಾಕ್ಟ್‌ನ 18ನೇ ಆವೃತ್ತಿಯಲ್ಲಿ ಮುಖ್ಯ ಕಡತವೊಂದು ಡೆವಲಪ್‌ಮೆಂಟ್‌ನಲ್ಲಿ ಸುಮಾರು 1 ಎಂಬಿ ಇದ್ದರೆ, ಪ್ರೊಡಕ್ಷನ್‌ನಲ್ಲಿ ಸುಮಾರು 130 ಕೆಬಿ ಮಾತ್ರ. ಹೊಟ್ಟು ಎಷ್ಟಿತ್ತು ಅಂತ ಇದರಲ್ಲೇ ಗೊತ್ತಾಗುತ್ತೆ. ಲ್ಯಾಪ್‌ಟಾಪ್‌ನಲ್ಲಿ ಈ ವ್ಯತ್ಯಾಸ ಕಾಣಲ್ಲ. ಸಿಗ್ನಲ್ ಸರಿಯಿಲ್ಲದ ಹಳ್ಳಿಯಲ್ಲಿ, ಹಳೇ ಫೋನ್‌ನಲ್ಲಿ ಚೆನ್ನಾಗೇ ಕಾಣುತ್ತದೆ.

ಲಾರಾವೆಲ್, ಜಾಂಗೊಗಳಲ್ಲಿ 'ಡಿಬಗ್' ಎಂಬ ಸ್ವಿಚ್ ಇದೆ. ಅದು ಆನ್ ಇದ್ದರೆ, ಸೈಟ್‌ನಲ್ಲಿ ಏನಾದರೂ ತಪ್ಪಾದಾಗ ಒಳಗಿನ ವಿವರವೆಲ್ಲ ಪುಟದ ಮೇಲೇ ಬಂದು ಬೀಳುತ್ತದೆ. ಕೆಲಸ ಮಾಡುವ ಹುಡುಗನಿಗೆ ಇದು ವರ, ಅಂಗಡಿಯವರಿಗೆ ಶಾಪ. 2021ರಲ್ಲಿ ಲಾರಾವೆಲ್ ಜೊತೆ ಬರುವ ಇಗ್ನಿಷನ್ ಎಂಬ ಸಲಕರಣೆಯಲ್ಲಿ ದೊಡ್ಡ ದೋಷವೊಂದು ಬಯಲಾಯಿತು. ಡಿಬಗ್ ಆನ್ ಬಿಟ್ಟಿದ್ದ ಹಳೇ ಆವೃತ್ತಿಯ ಸೈಟ್‌ಗಳ ಸರ್ವರ್‌ನಲ್ಲಿ ಹೊರಗಿನವರು ತಮಗೆ ಬೇಕಾದ ಕೋಡ್ ನಡೆಸಬಹುದಿತ್ತು. ಸ್ವಿಚ್ ಆಫ್ ಮಾಡಿದ್ದವರ ಸೈಟ್‌ಗೆ ಈ ದಾರಿ ಇರಲಿಲ್ಲ. ಒಂದು ಸ್ವಿಚ್ ಅಷ್ಟೇ ವ್ಯತ್ಯಾಸ.

2. "ಗುಟ್ಟಿನ ಕೀ ಎಲ್ಲಿಟ್ಟಿದ್ದೀಯಪ್ಪಾ?"

ಆರು ಪ್ರಶ್ನೆಗಳಲ್ಲಿ ಇದೇ ಮುಖ್ಯ. ಬರೀ ಯುಪಿಐ ಕ್ಯೂಆರ್ ಚಿತ್ರ ಹಾಕಿದ ಅಂಗಡಿಗೆ ಈ ಚಿಂತೆ ಇಲ್ಲ. ಆದರೆ ರೇಜರ್‌ಪೇ ಥರದ ಪೇಮೆಂಟ್ ಗೇಟ್‌ವೇ ಜೋಡಿಸಿದರೆ ಎರಡು ಕೀ ಸಿಗುತ್ತವೆ. ಒಂದು ಕೀ ಐಡಿ. ಇದು ಅಂಗಡಿಯ ಬೋರ್ಡ್ ಇದ್ದ ಹಾಗೆ, ಎಲ್ಲರೂ ನೋಡಬಹುದು. ಇನ್ನೊಂದು ಕೀ ಸೀಕ್ರೆಟ್. ಇದು ಗಲ್ಲಾಪೆಟ್ಟಿಗೆ ಕೀಲಿ. ಐಡಿ ಜೊತೆ ಇದೂ ಬೇರೆಯವರ ಕೈಗೆ ಸಿಕ್ಕರೆ, ಯಾವ ಗಿರಾಕಿ ಎಷ್ಟು ಕಟ್ಟಿದ್ದಾನೆ ಅಂತ ನೋಡಬಹುದು, ನಿಮ್ಮ ಹೆಸರಲ್ಲಿ ರೀಫಂಡ್ ಆದೇಶವನ್ನೂ ಕೊಡಬಹುದು.

ಇಂಥ ಗುಟ್ಟುಗಳನ್ನು ಕೋಡ್‌ನಲ್ಲಿ ಬರೆಯದೆ, 'ಡಾಟ್ ಇಎನ್‌ವಿ' ಎಂಬ ಪ್ರತ್ಯೇಕ ಕಡತದಲ್ಲಿ ಇಡುವುದು ಪದ್ಧತಿ. ತಪ್ಪು ನಡೆಯುವುದು ಇಲ್ಲೇ, ಅದೂ ಬಹಳ ಸಹಜವಾಗಿ. ನೆಕ್ಸ್ಟ್ ಜೆಎಸ್‌ನಲ್ಲಿ ಮತ್ತು ವೀಟ್‌ನಲ್ಲಿ ಒಂದು ನಿಯಮವಿದೆ. ಆ ಕಡತದಲ್ಲಿರುವ ಹೆಸರು 'ನೆಕ್ಸ್ಟ್ ಪಬ್ಲಿಕ್' ಅಥವಾ 'ವೀಟ್' ಎಂಬ ಪದದಿಂದ ಶುರುವಾದರೆ ಮಾತ್ರ ಅದು ಗಿರಾಕಿಯ ಬ್ರೌಸರ್‌ಗೆ ಹೋಗುತ್ತದೆ. ಉಳಿದದ್ದು ಹೋಗಲ್ಲ. ಇದು ಕಾವಲಿಗೆ ಅಂತಲೇ ಇಟ್ಟ ನಿಯಮ.

ಹೊಸಬರು ಪೇಮೆಂಟ್ ಕೋಡನ್ನು ಸರ್ವರ್ ಬದಲು ಬ್ರೌಸರ್ ಭಾಗದಲ್ಲಿ ಬರೆದುಬಿಡ್ತಾರೆ. ಅಲ್ಲಿ ಸೀಕ್ರೆಟ್ ಸಿಗಲ್ಲ, ಪೇಮೆಂಟ್ ನಡೆಯಲ್ಲ. ಆಗ ಯಾರೋ ಹೇಳಿದರು ಅಂತ ಹೆಸರಿನ ಮುಂದೆ ಆ ಪದ ಸೇರಿಸ್ತಾರೆ. ತಕ್ಷಣ ಎಲ್ಲಾ ಸರಿಹೋಗುತ್ತೆ! ಸರಿಹೋದದ್ದಲ್ಲ, ಗಲ್ಲಾಪೆಟ್ಟಿಗೆ ಕೀಲಿಯನ್ನು ಅಂಗಡಿ ಬಾಗಿಲಿಗೆ ನೇತುಹಾಕಿದ್ದು. ಸೈಟ್ ತೆರೆದ ಪ್ರತಿಯೊಬ್ಬರ ಫೋನ್‌ಗೂ ಆ ಸೀಕ್ರೆಟ್ ಹೋಗುತ್ತದೆ. ಹುಡುಕಲು ಗೊತ್ತಿದ್ದವರಿಗೆ ಎರಡು ನಿಮಿಷದ ಕೆಲಸ.

ಆದ್ದರಿಂದ ಬಿಲ್ಡ್ ಆದ ಮೇಲೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಗಿರಾಕಿಯ ಬ್ರೌಸರ್‌ಗೆ ಹೋಗುವ ಕಡತಗಳಿರುವ ಫೋಲ್ಡರ್ ತೆರೆಸಿ. ಸೀಕ್ರೆಟ್‌ನ ಮೊದಲ ಏಳೆಂಟು ಅಕ್ಷರ ಹಾಕಿ ಹುಡುಕಿಸಿ. ಒಂದೇ ಒಂದು ಕಡೆಯೂ ಸಿಗಬಾರದು. ಎಷ್ಟು ಹಣ ಅನ್ನೋದನ್ನೂ ಸರ್ವರೇ ಲೆಕ್ಕ ಹಾಕಬೇಕು. ಬ್ರೌಸರ್ ಲೆಕ್ಕ ಹಾಕಿದರೆ 2,000 ರೂಪಾಯಿ ಸೀರೆಯನ್ನು 2 ರೂಪಾಯಿ ಅಂತ ತಿದ್ದಿ ಕಟ್ಟುವವರು ಇರುತ್ತಾರೆ.

ಇನ್ನೊಂದು: ರೇಜರ್‌ಪೇಯಲ್ಲಿ 'ಟೆಸ್ಟ್' ಮತ್ತು 'ಲೈವ್' ಅಂತ ಬೇರೆ ಬೇರೆ ಕೀ ಇವೆ. ಟೆಸ್ಟ್ ಕೀಲಿಯಲ್ಲೇ ಬಿಲ್ಡ್ ಮಾಡಿ ಬಿಟ್ಟರೆ ಪೇಮೆಂಟ್ ಆಯ್ತು ಅಂತ ಪುಟ ಹೇಳುತ್ತೆ, ಹಣ ಮಾತ್ರ ಬರಲ್ಲ. ಮಾಲು ಕಳಿಸುವ ಮೊದಲು ಬ್ಯಾಂಕ್ ಖಾತೆಗೆ ಹಣ ಬಿದ್ದಿದೆಯಾ ಅಂತ ಮೊದಲ ಒಂದೆರಡು ಆರ್ಡರ್‌ನಲ್ಲಾದರೂ ನೋಡಿ.

3. "ರೇಟು ಬದಲಿಸಿದರೆ ಎಷ್ಟು ಹೊತ್ತಿಗೆ ಕಾಣುತ್ತೆ?"

ಬಿಲ್ಡ್‌ನಲ್ಲಿ ಒಂದು ದೊಡ್ಡ ಆಯ್ಕೆ ಇದೆ. ಪುಟಗಳನ್ನು ಮೊದಲೇ ಸಿದ್ಧ ಮಾಡಿ ಇಡಬಹುದು. ಇದನ್ನು ಸ್ಟ್ಯಾಟಿಕ್ ಅಂತಾರೆ. ಇಲ್ಲವೇ ಗಿರಾಕಿ ಕೇಳಿದಾಗ ಸರ್ವರ್ ಆ ಕ್ಷಣಕ್ಕೆ ತಯಾರಿಸಿ ಕೊಡಬಹುದು. ಹೋಟೆಲ್‌ನಲ್ಲಿ ಕೋಡುಬಳೆ ಮೊದಲೇ ಮಾಡಿ ಡಬ್ಬಿಯಲ್ಲಿ ಇಟ್ಟಿರ್ತಾರೆ, ದೋಸೆ ಕೇಳಿದ ಮೇಲೇ ಹುಯ್ಯೋದು. ಹಾಗೆ.

ಸ್ಟ್ಯಾಟಿಕ್ ಅಗ್ಗ, ಬೇಗ ತೆರೆಯುತ್ತೆ, ಕೆಡುವುದೂ ಕಡಿಮೆ. ಪಾತ್ರೆ ಅಂಗಡಿ, ಟೈಲರ್, ಕ್ಲಿನಿಕ್, ಕಲ್ಯಾಣ ಮಂಟಪಕ್ಕೆ ಇದೇ ಸರಿ. ಆದರೆ ರೇಟು ಬದಲಿಸಿದರೆ ಮತ್ತೆ ಬಿಲ್ಡ್ ಮಾಡಲೇಬೇಕು. ದಿನಾ ರೇಟು ಬದಲಾಗುವ ಚಿನ್ನದ ಅಂಗಡಿಗೆ, ಅಡಿಕೆ ವ್ಯಾಪಾರಕ್ಕೆ ಬರೀ ಸ್ಟ್ಯಾಟಿಕ್ ಇಟ್ಟುಕೊಂಡರೆ ನಿನ್ನೆಯ ರೇಟು ತೋರಿಸಿ ಗಿರಾಕಿ ಹತ್ತಿರ ಜಗಳ ಆಗುತ್ತೆ. ನೆಕ್ಸ್ಟ್ ಜೆಎಸ್‌ನಲ್ಲಿ ಮಧ್ಯದ ದಾರಿಯೂ ಇದೆ. ಇಷ್ಟು ಸೆಕೆಂಡಿಗೊಮ್ಮೆ ಪುಟ ಹೊಸದು ಮಾಡು ಅಂತ ಹೇಳಬಹುದು. 3600 ಅಂತ ಹಾಕಿದರೆ ಗಂಟೆಗೊಮ್ಮೆ. ಇದಕ್ಕೆ ಸರ್ವರ್ ಬೇಕು, ಖರ್ಚು ಸ್ವಲ್ಪ ಜಾಸ್ತಿ.

ಅಂಗಡಿಯ ಫೋನ್ ನಂಬರ್, ಯುಪಿಐ ಐಡಿಯನ್ನು ಬ್ರೌಸರ್‌ಗೆ ಹೋಗುವ ಸೆಟ್ಟಿಂಗ್‌ನಲ್ಲಿ ಬರೆದಿದ್ದರೆ ಅವು ಬಿಲ್ಡ್ ಆದ ಹೊತ್ತಿಗೇ ಅಚ್ಚಾಗಿಬಿಡುತ್ತವೆ. ಆಮೇಲೆ ಸೆಟ್ಟಿಂಗ್ ಕಡತ ತಿದ್ದಿದರೆ ಸಾಲದು, ಮತ್ತೆ ಬಿಲ್ಡ್ ಮಾಡಬೇಕು. ಬ್ಯಾಂಕ್ ಖಾತೆ ಬದಲಿಸಿದ ಮೇಲೂ ಸೈಟ್‌ನಲ್ಲಿ ಹಳೇ ಯುಪಿಐ ಐಡಿ ಕಾಣುತ್ತಿದ್ದರೆ ಕಾರಣ ಇದೇ ಇರಬಹುದು.

4. "ಒಳಗಿನ ಲಿಂಕ್ ನೇರವಾಗಿ ತೆರೆಯುತ್ತಾ?"

ಮುಖಪುಟ ಬರುತ್ತೆ, ಅಲ್ಲಿಂದ ಸೀರೆ ಪುಟಕ್ಕೆ ಹೋದರೂ ಬರುತ್ತೆ. ಆದರೆ ಸೀರೆ ಪುಟದ ಲಿಂಕನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ 'ಪುಟ ಸಿಗಲಿಲ್ಲ, 404' ಅಂತ ಬರುತ್ತೆ. ಇದಕ್ಕೆ ಕಾರಣ: ಒಳಪುಟಗಳನ್ನು ಬ್ರೌಸರ್ ತಾನೇ ಕಟ್ಟುತ್ತದೆ, ಸರ್ವರ್‌ಗೆ ಅವುಗಳ ವಿಷಯವೇ ಗೊತ್ತಿರಲ್ಲ. ಯಾವ ವಿಳಾಸ ಕೇಳಿದರೂ ಮುಖ್ಯ ಕಡತವನ್ನೇ ಕೊಡು ಅಂತ ಹೋಸ್ಟಿಂಗ್‌ನಲ್ಲಿ ಒಂದು ನಿಯಮ ಬರೆದರೆ ಸರಿಹೋಗುತ್ತೆ.

ಪೂರ್ತಿ ಬಿಳಿ ಪುಟ ಬಂದರೆ ಮೊದಲು ನೋಡಬೇಕಾದ್ದು 'ಬೇಸ್' ಸೆಟ್ಟಿಂಗ್. ಸೈಟ್ ಡೊಮೇನ್‌ನ ಬುಡದಲ್ಲಿದೆ ಅಂತ ವೀಟ್ ತಾನಾಗಿ ಅಂದುಕೊಳ್ಳುತ್ತದೆ. ಹುಡುಗ ಅದನ್ನು ಒಳಗಿನ ಫೋಲ್ಡರ್‌ನಲ್ಲಿ ಇಟ್ಟಿದ್ದರೆ ಕಡತಗಳ ವಿಳಾಸ ತಪ್ಪಿ ಏನೂ ಬರಲ್ಲ. ವಿಳಾಸದಲ್ಲಿ ಬರೀ ಭದ್ರಾವತಿ ಅಂತ ಬರೆದು ಓಲ್ಡ್ ಟೌನ್ ಬಿಟ್ಟ ಹಾಗೆ.

ಕೆಲವು ಫೋಟೊ ಮಾತ್ರ ಕಾಣದಿದ್ದರೆ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ನೋಡಿಸಿ. ವಿಂಡೋಸ್ ಲ್ಯಾಪ್‌ಟಾಪ್ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ ಅಂತ ಬಿಡುತ್ತದೆ. ಹೋಸ್ಟಿಂಗ್‌ನಲ್ಲಿ ಹೆಚ್ಚಾಗಿ ಇರುವುದು ಲಿನಕ್ಸ್. ಅದಕ್ಕೆ ಎರಡೂ ಬೇರೆ ಬೇರೆ. ಲ್ಯಾಪ್‌ಟಾಪ್‌ನಲ್ಲಿ ಸರಿ ಬಂದು ಸರ್ವರ್‌ನಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ.

5. "ಫೋಟೊ ಎಷ್ಟು ಭಾರ? ಕನ್ನಡ ಯಾವ ಫಾಂಟ್?"

ಈಗಿನ ಫೋನ್‌ನಲ್ಲಿ ತೆಗೆದ ಒಂದು ಫೋಟೊ ಸಾಮಾನ್ಯವಾಗಿ 3–4 ಎಂಬಿ ಇರುತ್ತದೆ. 40 ಸೀರೆ ಫೋಟೊ ಹಾಗೇ ಹಾಕಿದರೆ 120 ಎಂಬಿ ದಾಟಿತು. ಗಿರಾಕಿಯ ದಿನದ ಡೇಟಾದಲ್ಲಿ ಒಳ್ಳೇ ಪಾಲು ನಿಮ್ಮ ಸೈಟೇ ತಿನ್ನುತ್ತೆ. ಅದೇ ಫೋಟೊಗಳನ್ನು ವೆಬ್‌ಪಿ ಮಾದರಿಗೆ ತಂದು ತಲಾ 150 ಕೆಬಿ ಮಾಡಿದರೆ ಒಟ್ಟು 6 ಎಂಬಿ.

"ಫ್ರೇಮ್‌ವರ್ಕ್ ತಾನೇ ಸಣ್ಣ ಮಾಡುತ್ತೆ ಅಣ್ಣಾ" ಅಂತ ಹುಡುಗ ಹೇಳಬಹುದು. ಪೂರ್ತಿ ನಿಜವಲ್ಲ. ವೀಟ್ ತಾನಾಗಿ ಫೋಟೊ ಕುಗ್ಗಿಸಲ್ಲ. ನೆಕ್ಸ್ಟ್ ಜೆಎಸ್ ಕುಗ್ಗಿಸುತ್ತೆ, ಆದರೆ ಅದಕ್ಕೆ ಸರ್ವರ್ ಬೇಕು. ಸ್ಟ್ಯಾಟಿಕ್ ಆಗಿ ತೆಗೆದರೆ ಆ ಸೌಲಭ್ಯ ಹಾಗೇ ಕೆಲಸ ಮಾಡಲ್ಲ, ಫೋಟೊಗಳನ್ನು ಮೊದಲೇ ಕುಗ್ಗಿಸಿ ಇಡಬೇಕು.

ಕನ್ನಡದ ವಿಷಯದಲ್ಲಿ ಒಂದು ಎಚ್ಚರಿಕೆ. ಡಿಟಿಪಿ ಸೆಂಟರ್‌ನಲ್ಲಿ ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ರೇಟ್ ಲಿಸ್ಟನ್ನು ಹಾಗೇ ಸೈಟ್‌ಗೆ ಹಾಕಿದರೆ ಅರ್ಥವಿಲ್ಲದ ಗೀಟುಗಳು ಕಾಣುತ್ತವೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು. ಆಗ ಮಾತ್ರ ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದವರಿಗೂ ಅಂಗಡಿ ಸಿಗಲು ದಾರಿ. ಚೆಂದ ಕಾಣಲಿ ಅಂತ ನಾಲ್ಕೈದು ಕನ್ನಡ ಫಾಂಟ್ ಸೇರಿಸಿದರೆ ಅದೂ ಭಾರವೇ. ಒಂದು ಸಾಕು. ಫಾಂಟ್ ಇಳಿಯುವವರೆಗೆ ಫೋನ್‌ನ ಸ್ವಂತ ಅಕ್ಷರದಲ್ಲೇ ತೋರಿಸು ಅನ್ನುವ ಸೆಟ್ಟಿಂಗ್ ಕೂಡ ಇರಲಿ.

6. "ನೀನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಮುಂದೇನು?"

ಮಾಡಿಕೊಟ್ಟ ಹುಡುಗ ಊರಲ್ಲೇ ಇರ್ತಾನೆ ಅಂತ ಹೇಳಕ್ಕಾಗಲ್ಲ. ಎರಡು ವರ್ಷ ಬಿಟ್ಟು ಬೇರೆಯವರಿಂದ ಒಂದು ಸಾಲು ತಿದ್ದಿಸಲು ಹೋದರೂ ಮತ್ತೆ ಬಿಲ್ಡ್ ಮಾಡಬೇಕು. ಆಗ ಆವೃತ್ತಿಗಳು ಹೊಂದದಿದ್ದರೆ ಬಿಲ್ಡೇ ಆಗಲ್ಲ. ಅದಕ್ಕೇ ಯಾವ ಸಲಕರಣೆಯ ಯಾವ ಆವೃತ್ತಿ ಬಳಸಿದೆ ಅಂತ ಬರೆದಿಡುವ 'ಲಾಕ್' ಕಡತ ಇರುತ್ತದೆ. ಕೋಡ್ ಜೊತೆ ಅದನ್ನೂ, ನೋಡ್ ಜೆಎಸ್ ಆವೃತ್ತಿಯನ್ನೂ, ಬಿಲ್ಡ್ ಮಾಡುವ ಆಜ್ಞೆಯನ್ನೂ ಬರೆಸಿ ಇಟ್ಟುಕೊಳ್ಳಿ. ಹಳೇ ಟ್ಯುಟೋರಿಯಲ್ ನೋಡಿ 'ಕ್ರಿಯೇಟ್ ರಿಯಾಕ್ಟ್ ಆ್ಯಪ್'ನಲ್ಲಿ ಶುರು ಮಾಡಿದ್ದರೆ ಈಗಲೇ ಬದಲಿಸಲು ಹೇಳಿ. ಹೊಸ ಕೆಲಸಕ್ಕೆ ಅದನ್ನು ಬಳಸಬೇಡಿ ಅಂತ ರಿಯಾಕ್ಟ್ ತಂಡವೇ 2025ರ ಫೆಬ್ರುವರಿಯಲ್ಲಿ ಹೇಳಿದೆ.

ಡೊಮೇನ್, ಹೋಸ್ಟಿಂಗ್, ಪೇಮೆಂಟ್ ಖಾತೆ ಮೂರೂ ಅಂಗಡಿಯವರ ಹೆಸರು, ಅಂಗಡಿಯವರ ಇಮೇಲ್, ಅಂಗಡಿಯವರ ಫೋನ್ ನಂಬರ್‌ನಲ್ಲೇ ಇರಬೇಕು. ಹುಡುಗನ ಹೆಸರಲ್ಲಿ ಇದ್ದರೆ ಅಂಗಡಿ ಬಾಡಿಗೆ ಕರಾರು ಬೇರೆಯವರ ಹೆಸರಲ್ಲಿ ಇದ್ದ ಹಾಗೆ.

ಫ್ರೀ ಹೋಸ್ಟಿಂಗ್ ನಿಜಕ್ಕೂ ಫ್ರೀನಾ?

"ಹೋಸ್ಟಿಂಗ್ ಫ್ರೀ" ಅಂದರೆ ಎಲ್ಲಿ ಅಂತ ಕೇಳಿ. ವರ್ಸೆಲ್‌ನ ಉಚಿತ ಹಾಬಿ ಪ್ಲಾನ್ ವ್ಯಾಪಾರಕ್ಕಲ್ಲ, ವೈಯಕ್ತಿಕ ಬಳಕೆಗೆ ಮಾತ್ರ. ಗಿಟ್‌ಹಬ್ ಪೇಜಸ್ ಕೂಡ ಆನ್‌ಲೈನ್ ವ್ಯಾಪಾರ ನಡೆಸಲು ಇಲ್ಲ ಅಂತ ತನ್ನ ನಿಯಮದಲ್ಲೇ ಬರೆದಿದೆ. ಹಬ್ಬದ ಸೀಸನ್‌ನಲ್ಲಿ ಸೈಟ್ ನಿಂತರೆ ಕೇಳಲು ದಾರಿ ಇರಲ್ಲ.

ಇನ್ನು, ಗಿರಾಕಿಗಳ ಹೆಸರು, ಫೋನ್, ವಿಳಾಸ ಪಡೆಯುವ ಅಂಗಡಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ಕೆಲಸವನ್ನು ಬೇರೆಯವರಿಗೆ ವಹಿಸಿದ್ದರೂ ಮಾಹಿತಿ ಕಾಯುವ ಹೊಣೆ ಅದನ್ನು ಪಡೆದವರದೇ ಅಂತ ಕಾಯ್ದೆ ಹೇಳುತ್ತದೆ. ಸುರಕ್ಷತಾ ಲೋಪಕ್ಕೆ ಗರಿಷ್ಠ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಸಣ್ಣ ಅಂಗಡಿಗೆ ಅಷ್ಟು ಹಾಕ್ತಾರೆ ಅಂತಲ್ಲ. ಆದರೆ "ಹುಡುಗ ಮಾಡಿದ್ದು, ನಂಗೊತ್ತಿಲ್ಲ" ಅನ್ನೋ ಮಾತು ನಡೆಯಲ್ಲ.

ಅಂಗಡಿಯಲ್ಲೇ ಕೂತು 10 ನಿಮಿಷದ ಪರೀಕ್ಷೆ

ಬಾಕಿ ಹಣ ಕೊಡುವ ದಿನ ಹುಡುಗನ ಲ್ಯಾಪ್‌ಟಾಪ್ ಮುಚ್ಚಿಸಿ, ಇಷ್ಟು ನೋಡಿ:

- ವೈಫೈ ಆಫ್ ಮಾಡಿ, ಅಂಗಡಿಯಲ್ಲಿರುವ ಹಳೇ ಫೋನ್‌ನಲ್ಲಿ ಸೈಟ್ ತೆರೆಯಿರಿ.
- ಒಳಗಿನ ಒಂದು ಪುಟದ ಲಿಂಕನ್ನು ಮನೆಯವರಿಗೆ ವಾಟ್ಸ್‌ಆ್ಯಪ್ ಮಾಡಿ, ಅವರ ಫೋನ್‌ನಲ್ಲಿ ತೆರೆಸಿ.
- ಒಂದು ರೇಟು ಬದಲಿಸಿ, ಎಷ್ಟು ಹೊತ್ತಿಗೆ ಕಾಣುತ್ತೆ ಅಂತ ಗಡಿಯಾರ ನೋಡಿ.
- ನಿಮ್ಮ ಸೈಟ್ ವಿಳಾಸದ ಮುಂದೆ ಸ್ಲ್ಯಾಶ್ ಹಾಕಿ 'ಡಾಟ್ ಇಎನ್‌ವಿ' ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಪುಟ ಇಲ್ಲ ಅಂತ ಬರಬೇಕು, ಇಲ್ಲವೇ ಮುಖಪುಟ ಬರಬೇಕು. ಪಾಸ್‌ವರ್ಡ್ ಇರುವ ಸಾಲುಗಳು ಬಂದರೆ ಅಲ್ಲಿಗೇ ನಿಲ್ಲಿಸಿ, ಸೈಟ್ ಇಳಿಸಲು ಹೇಳಿ.
- ಇಲ್ಲದ ಒಂದು ಪುಟದ ಹೆಸರು ಹಾಕಿ ನೋಡಿ. ಸಾದಾ 404 ಬಂದರೆ ಸರಿ. ಕೋಡ್ ಸಾಲುಗಳು ಬಂದರೆ ಡಿಬಗ್ ಆನ್ ಇದೆ ಅಂತ.
- ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಸೈಟ್ ವಿಳಾಸ ಹಾಕಿ. ಉಚಿತವಾಗಿ 100ಕ್ಕೆ ಎಷ್ಟು ಅಂಕ ಅಂತ ಹೇಳುತ್ತೆ. ಡೆಸ್ಕ್‌ಟಾಪ್ ಅಂಕ ಬಿಡಿ, ಮೊಬೈಲ್ ಅಂಕ ನೋಡಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಬಂದರೆ ಒಳ್ಳೆಯದು ಅನ್ನೋದು ಗೂಗಲ್ ಲೆಕ್ಕ.

ಕೀ ಸೋರಿದ್ದು ಗೊತ್ತಾದರೆ?

ಕಡತದಿಂದ ಅಳಿಸಿದರೆ ಸಾಲದು. ಕೋಡನ್ನು ಗಿಟ್‌ಹಬ್‌ನಲ್ಲಿ ಹಾಕಿದ್ದರೆ ಅಳಿಸಿದ್ದೂ ಹಳೇ ದಾಖಲೆಯಲ್ಲಿ ಉಳಿದಿರುತ್ತದೆ. ಬೀಗ ಬದಲಿಸುವುದೇ ದಾರಿ. ಪೇಮೆಂಟ್ ಖಾತೆಗೆ ಹೋಗಿ ಹೊಸ ಕೀ ತೆಗೆದು ಹಳೇದನ್ನು ರದ್ದು ಮಾಡಿ. ಸೀಕ್ರೆಟನ್ನು ಸರ್ವರ್ ಭಾಗಕ್ಕೆ ಸರಿಸಿ, ಮತ್ತೆ ಬಿಲ್ಡ್ ಮಾಡಿಸಿ. ಹಿಂದಿನ ರೀಫಂಡ್‌ಗಳ ಪಟ್ಟಿ ಒಮ್ಮೆ ನೋಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ಎಲ್ಲರಿಗೂ ಇದೆಲ್ಲಾ ಬೇಕಾ ಅಂದರೆ, ಬೇಡ. 30–40 ಐಟಂ ತೋರಿಸಿ ಫೋನ್‌ನಲ್ಲಿ ಆರ್ಡರ್ ತಗೊಳ್ಳುವ ಅಂಗಡಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಕ್ಯಾಟಲಾಗ್ ಸಾಕು, ಅದು ಉಚಿತ. ಆದರೆ ಕಾರ್ಖಾನೆ ಸಂಬಳದ ದಿನ ನಂಬಿಕೊಂಡಿದ್ದ ಭದ್ರಾವತಿಯ ವ್ಯಾಪಾರ ಮೊದಲಿನ ಹಾಗಿಲ್ಲ. ಹೊರ ಊರಿನ ಗಿರಾಕಿ ಬೇಕು ಅಂತ ವೆಬ್‌ಸೈಟ್‌ಗೆ ದುಡ್ಡು ಹಾಕುವವರಿಗೆ ಒಂದೊಂದು ರೂಪಾಯಿಯೂ ಲೆಕ್ಕವೇ. ಈ ಆರು ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ಗಲ್ಲಾದಲ್ಲಿ ಇಟ್ಟುಕೊಳ್ಳಿ. ಕೆಲಸ ಗೊತ್ತಿರುವ ಹುಡುಗ ಕೇಳಿದ್ದಕ್ಕೆ ಬೇಜಾರು ಮಾಡ್ಕೊಳ್ಳಲ್ಲ, ಕೂತು ತೋರಿಸ್ತಾನೆ.